ನಂದಿನಿಯ ಹೆಸರು ಯಾರದು?

ನಂದಿನಿಯು ವಸಿಷ್ಠ ಮಹರ್ಷಿಗಳ ಹೋಮಧೇನು, ಕಾಮಧೇನುವಿನ ಮಗಳು. ದಿಲೀಪ ಮಹಾರಾಜನು ಕಾಡುಮೇಡು ಅಲೆದು ಆಕೆಯ ಸೇವೆ ಮಾಡಿದನೆಂಬುದು ಪುರಾಣಪ್ರಸಿದ್ಧ. ಆದರೆ ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಲ್ಲಾಗಲಿ, ಬೆಂಗಳೂರಿನ ಬಸವನಗುಡಿಯಲ್ಲಾಗಲಿ, ಬೆಳಗಿನ ಹೊತ್ತು ಈ ಹೆಸರು ಕಿವಿಗೆ ಬಿದ್ದರೆ ಕಣ್ಮುಂದೆ ನಿಲ್ಲುವುದು ಆಶ್ರಮವಲ್ಲ, ಹಾಲಿನ ಪೊಟ್ಟಣ!

ಕರ್ನಾಟಕ ಹಾಲು ಮಹಾಮಂಡಳಿಯು ಈ ಹೆಸರನ್ನು ಬಳಸತೊಡಗಿದ್ದು 1985ರಲ್ಲಿ. 1989ರಲ್ಲಿ ಬೆಂಗಳೂರಿನಲ್ಲಿಯೇ ‘ನಂಧಿನಿ’ ಎಂಬ ಹೋಟೆಲು ತಲೆಯೆತ್ತಿತು. ಇಂಗ್ಲಿಷಿನಲ್ಲಿ ಬರೆದರೆ ‘ಹೆಚ್’ ಅಕ್ಷರವೊಂದು ಹೆಚ್ಚು. ಕಿವಿಗೆ ಎರಡೂ ಒಂದೇ. ಹೋಟೆಲಿನವರು ಮಾಂಸ, ಮೀನು ಮೊದಲಾದ ಪದಾರ್ಥಗಳಿಗೆ ಆ ಹೆಸರನ್ನು ನೋಂದಾಯಿಸಹೊರಟಾಗ ಮಹಾಮಂಡಳಿ ಆಕ್ಷೇಪಿಸಿತು. ರಿಜಿಸ್ಟ್ರಾರರು 2007ರಲ್ಲಿ ಹೋಟೆಲಿನ ಪರವಾಗಿ ತೀರ್ಮಾನಿಸಿದರು. 2011ರಲ್ಲಿ ಮೇಲ್ಮನವಿ ಮಂಡಳಿ ಅದನ್ನು ರದ್ದುಪಡಿಸಿತು. 2014ರಲ್ಲಿ ಹೈಕೋರ್ಟು ಮಂಡಳಿಯ ಮಾತನ್ನೇ ಎತ್ತಿಹಿಡಿಯಿತು. ಕೊನೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಹೋಟೆಲಿನವರನ್ನು ಗೆಲ್ಲಿಸಿತು. ನಂದಿನಿಯೆಂಬುದು ಯಾರೂ ಹೊಸದಾಗಿ ಹುಟ್ಟಿಸಿದ ಪದವಲ್ಲ, ದೇವಿಯ ಹೆಸರು, ಪುರಾಣದ ಗೋವಿನ ಹೆಸರು. ಒಬ್ಬರದು ಹಸುವಿನ ಚಿತ್ರ, ಇನ್ನೊಬ್ಬರದು ದೀಪ. ಒಬ್ಬರು ಮಾರುವುದು ಹಾಲು, ಇನ್ನೊಬ್ಬರು ಊಟ. ಆದರೆ ಹೋಟೆಲಿನವರು ಹಾಲಿಗೂ ಹಾಲಿನ ಪದಾರ್ಥಗಳಿಗೂ ಆ ಹೆಸರಿನ ನೋಂದಣಿ ಪಡೆಯುವಂತಿಲ್ಲ. ನ್ಯಾಯವಾದ ಪಾಲು!

ಇಷ್ಟು ಹೋರಾಡಿ ಪಡೆದ ಹೆಸರಿಗೆ ಆಯುಸ್ಸೆಷ್ಟು? 1958ರ ಕಾಯಿದೆಯಲ್ಲಿ ಏಳು ವರ್ಷ. 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ 1999ರ ಕಾಯಿದೆಯಲ್ಲಿ, ಅರ್ಜಿ ಸಲ್ಲಿಸಿದ ದಿನದಿಂದ ಹತ್ತು ವರ್ಷ. ಪೇಟೆಂಟು ಇಪ್ಪತ್ತು ವರ್ಷಕ್ಕೆ ಮುಗಿಯುತ್ತದೆ. ಕಥೆಗಾರನ ಹಕ್ಕು ಅವನು ತೀರಿಕೊಂಡ ಮೇಲೆ ಅರವತ್ತು ವರ್ಷಕ್ಕೆ. ವ್ಯಾಪಾರ ಚಿಹ್ನೆಯನ್ನಾದರೋ ಹತ್ತು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನವೀಕರಿಸುತ್ತ ಹೋದರೆ ಮೊಮ್ಮಕ್ಕಳ ಕಾಲಕ್ಕೂ ಉಳಿಸಿಕೊಳ್ಳಬಹುದು. ಗಡುವು ಮರೆತವರಿಗೆ ಆರು ತಿಂಗಳವರೆಗೆ ಹೆಚ್ಚಿನ ಶುಲ್ಕದ ಅವಕಾಶವುಂಟು. ಅದೂ ತಪ್ಪಿದರೆ, ಅವಧಿ ಮುಗಿದ ಒಂದು ವರ್ಷದೊಳಗೆ ಪುನಃಸ್ಥಾಪನೆಗೆ ಮನವಿ ಮಾಡಿಕೊಳ್ಳಬೇಕು. ಶುಲ್ಕ ಕಟ್ಟಿದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ನೋಂದಣಿಯಾದ ಮೇಲೆ ಐದು ವರ್ಷಕ್ಕೂ ಮಿಕ್ಕಿ ಹೆಸರನ್ನು ಬಳಸದೆ ಪೆಟ್ಟಿಗೆಯಲ್ಲಿಟ್ಟರೆ, ಅದನ್ನು ತೆಗೆದುಹಾಕಿಸಲು ಇತರರು ಅರ್ಜಿ ಹಾಕಬಹುದು.

ತಾನೇ ಬಳಸಲಾರದವನು ಹೆಸರನ್ನು ಕರಾರಿನ ಮೇಲೆ ಇನ್ನೊಬ್ಬನಿಗೆ ಕೊಡಬಹುದು. ಅಜ್ಜಿಯ ಹೆಸರಿನ ಸಾಂಬಾರುಪುಡಿಯನ್ನು ನಂಟನೊಬ್ಬ ಬೇರೆ ಊರಿನಲ್ಲಿ ಮಾಡಿ ಮಾರಲು ಕೇಳಿದನೆನ್ನಿ. ನಂಟಸ್ತಿಕೆಯ ನಂಬಿಕೆ ಸಾಲದು; ಬರವಣಿಗೆಯಲ್ಲಿ ಒಪ್ಪಂದ ಬೇಕು. ಎಷ್ಟು ವರ್ಷ, ಯಾವ ಊರು, ಪುಡಿಯ ಗುಣಮಟ್ಟವನ್ನು ನೋಡುವವರು ಯಾರು, ಎಲ್ಲವೂ ಅದರಲ್ಲಿರತಕ್ಕದ್ದು. ಪುಡಿ ಕೆಟ್ಟರೆ ಕೆಡುವುದು ಅಜ್ಜಿಯ ಹೆಸರು. ಪಡೆಯುವವನೂ ಒಂದನ್ನು ತಿಳಿದಿರಬೇಕು: ಒಪ್ಪಂದದಂತೆ ಆತನು ಮಾಡುವ ಬಳಕೆಯನ್ನೆಲ್ಲ ಕಾನೂನು ಒಡೆಯನ ಬಳಕೆಯೆಂದೇ ಎಣಿಸುತ್ತದೆ. ಇಪ್ಪತ್ತು ವರ್ಷ ಬೆವರು ಸುರಿಸಿ ಹೆಸರಿಗೆ ಕೀರ್ತಿ ತಂದವನೇ ಆದರೂ, ಕರಾರು ಮುಗಿದ ದಿನ ಬೋರ್ಡು ಇಳಿಸಬೇಕಾದವನು ಆತನೇ.