ನೂರನೆಯ ಸಹಿ

ಸಮ್ಮೇಳನಗಳಲ್ಲಿ ಎದೆಗೆ ಬಿಲ್ಲೆ ಚುಚ್ಚಿಕೊಂಡು, ಅತಿಥಿಗಳಿಗೆ ಕುರ್ಚಿ ತೋರಿಸುತ್ತ, ಬಾಯಾರಿದವರಿಗೆ ನೀರು ಕೊಡುತ್ತ ಓಡಾಡುವ ಸ್ವಯಂಸೇವಕರು ನಮಗೆಲ್ಲ ಪರಿಚಿತರು. ಸಮ್ಮೇಳನ ಮುಗಿದ ಸಂಜೆ ಅವರ ಕೆಲಸವೂ ಮುಗಿಯುತ್ತದೆ. ಬಿಲ್ಲೆ ಮೇಜಿನ ಖಾನೆಯನ್ನು ಸೇರುತ್ತದೆ. ಅಮೆರಿಕದ ಕ್ರೈಸ್ತ ವಿದ್ಯಾರ್ಥಿಗಳ ಒಂದು ಸಮ್ಮೇಳನದಲ್ಲಿ ಹುಟ್ಟಿದ ಸ್ವಯಂಸೇವಕರ ಕಥೆ ಬೇರೆ. ಅವರ ಕೆಲಸ ಆರಂಭವಾಗಬೇಕಾಗಿದ್ದುದೇ ಸಮ್ಮೇಳನ ಮುಗಿದ ಮೇಲೆ, ಅದೂ ಸಮುದ್ರದಾಚೆಯ ನಾಡುಗಳಲ್ಲಿ. ಆ ಕಥೆಯ ಮೊದಲ ಎಳೆ ನಮ್ಮ ಬೆಳಗಾವಿಯ ನೆರೆಯ ಕೊಲ್ಲಾಪುರದಲ್ಲಿದೆ ಎಂದರೆ ವಾಚಕರಿಗೆ ಆಶ್ಚರ್ಯವಾದೀತು.

ಕೊಲ್ಲಾಪುರದಲ್ಲಿ ಬಹುಕಾಲ ಪಾದ್ರಿಯಾಗಿದ್ದ ರಾಯಲ್ ವೈಲ್ಡರ್ ಎಂಬ ಅಮೆರಿಕನ್ನನಿಗೆ ಅಲ್ಲಿಯೇ 1863ರಲ್ಲಿ ರಾಬರ್ಟ್ ಎಂಬ ಮಗ ಹುಟ್ಟಿದ. ದೇಹಸ್ಥಿತಿ ಕೆಟ್ಟು ತಂದೆ ಸ್ವದೇಶಕ್ಕೆ ಮರಳಿದ ಮೇಲೆ ಕುಟುಂಬವು ಪ್ರಿನ್ಸ್‌ಟನ್ ಪಟ್ಟಣದಲ್ಲಿ ನೆಲೆಸಿತು. ರಾಬರ್ಟ್ ಅಲ್ಲಿಯ ಕಾಲೇಜು ಸೇರಿದ. ಹೊರನಾಡುಗಳಿಗೆ ಹೋಗಿ ಧರ್ಮಪ್ರಚಾರ ಮಾಡಬೇಕೆಂಬ ಹಂಬಲವುಳ್ಳ ಸಹಪಾಠಿಗಳು ಆದಿತ್ಯವಾರಗಳಂದು ಅವನ ಮನೆಯಲ್ಲಿ ಕೂಡುತ್ತಿದ್ದರು. ಹುಡುಗರು ಮುಂದಿನ ಕೋಣೆಯಲ್ಲಿ ಚರ್ಚಿಸುತ್ತಿರುವಾಗ ಅಕ್ಕ ಗ್ರೇಸ್ ಪಕ್ಕದ ಕೋಣೆಯಲ್ಲಿ ಅವರಿಗಾಗಿ ಪ್ರಾರ್ಥಿಸುತ್ತಿದ್ದಳಂತೆ. ವಾಸ್ತವವಾಗಿ ಈ ದಾರಿಯಲ್ಲಿ ಅವಳು ತಮ್ಮನಿಗಿಂತ ಮುಂದಿದ್ದವಳು. ತಾನು ಓದಿದ ಮೌಂಟ್ ಹೋಲಿಯೋಕ್ ವಿದ್ಯಾಲಯದಲ್ಲಿ ಇಂಥದೇ ಸಂಕಲ್ಪ ತೊಟ್ಟ ವಿದ್ಯಾರ್ಥಿನಿಯರ ಗುಂಪಿಗೆ ಆಗಲೇ ಸೇರಿದ್ದಳು.

1886ರ ಬೇಸಿಗೆಯಲ್ಲಿ ಹೆಸರಾಂತ ಧರ್ಮಬೋಧಕ ಡ್ವೈಟ್ ಮೂಡಿಯು ಮ್ಯಾಸಚೂಸೆಟ್ಸ್ ಪ್ರಾಂತದ ಮೌಂಟ್ ಹರ್ಮನ್ ಶಾಲೆಯಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಸೇರಿಸಿದ. ಬಂದವರು 251 ಮಂದಿ. ಎಲ್ಲರೂ ತರುಣರು, ಹೆಣ್ಣುಮಕ್ಕಳಿಗೆ ಆಹ್ವಾನವಿರಲಿಲ್ಲ. ಹೊರಡುವ ಮುನ್ನ ಗ್ರೇಸ್ ತಮ್ಮನಿಗೆ, ಅಲ್ಲಿ ನೂರು ಮಂದಿ ಮುಂದೆ ಬರುತ್ತಾರೆಂದು ತನಗೆ ನಂಬಿಕೆಯಿದೆ ಎಂದಳಂತೆ.

ಮೂಡಿ ಕರೆದದ್ದು ಬೈಬಲಿನ ಅಭ್ಯಾಸಕ್ಕಾಗಿ. ಹೊರನಾಡಿನ ಮಾತು ಅವನ ಕಾರ್ಯಕ್ರಮದಲ್ಲಿ ಮುಖ್ಯವಾಗಿರಲಿಲ್ಲ. ಅದನ್ನು ಎತ್ತಿದವರು ಹುಡುಗರೇ. ಬಿಡುವಿನ ವೇಳೆಯಲ್ಲಿ, ಮರದ ನೆರಳಿನಲ್ಲಿ, ನದಿಯ ದಂಡೆಯಲ್ಲಿ ಒಬ್ಬರನ್ನೊಬ್ಬರು ಕಾಡಿದರು. ಆರಂಭದಲ್ಲಿ ಸಿದ್ಧರಿದ್ದವರು ಇಪ್ಪತ್ತು ಚಿಲ್ಲರೆ ಮಂದಿ. ಒಂದು ರಾತ್ರಿ ಹತ್ತು ನಾಡುಗಳವರ ಸಭೆಯೆಂದು ಏರ್ಪಡಿಸಿ, ಬೇರೆ ಬೇರೆ ದೇಶಗಳ ಯುವಕರನ್ನು ವೇದಿಕೆಗೆ ಕರೆದರು. ಒಬ್ಬೊಬ್ಬನೂ ತನ್ನ ನಾಡಿನ ಅಗತ್ಯವನ್ನು ಸಂಕ್ಷೇಪವಾಗಿ ಹೇಳಿದ. ಕೊನೆಗೆ ದೇವರು ಪ್ರೇಮಸ್ವರೂಪನೆಂಬ ಒಂದೇ ಮಾತು ಅವರವರ ಭಾಷೆಗಳಲ್ಲಿ ಸಭೆಯ ಕಿವಿಗೆ ಬಿತ್ತು. ಅರ್ಥವಾಗದ ಭಾಷೆಗಳು ಅರ್ಥವಾದ ಉಪನ್ಯಾಸಗಳಿಗಿಂತ ಹೆಚ್ಚು ಕೆಲಸ ಮಾಡಿದುವೆಂದು ತೋರುತ್ತದೆ. ಅನಂತರದ ದಿನಗಳಲ್ಲಿ ಸಂಖ್ಯೆ ಏರುತ್ತ ಹೋಯಿತು. ಮುಕ್ತಾಯದ ವೇಳೆಗೆ 99 ಸಹಿಗಳಾಗಿದ್ದುವು. ಬೀಳ್ಕೊಡುವ ಮುನ್ನ ಎಲ್ಲರೂ ಮೊಣಕಾಲೂರಿ ಕುಳಿತಿದ್ದಾಗ ಮತ್ತೊಬ್ಬ ಬಂದು ಅವರ ನಡುವೆ ಮೊಣಕಾಲೂರಿದ. ಅಕ್ಕ ಹೇಳಿದ ಲೆಕ್ಕ ತುಂಬಿತು.

ಸಹಿ ಹಾಕಿದ ಪತ್ರದ ಒಕ್ಕಣೆ ಚಿಕ್ಕದು: ದೇವರ ಅನುಮತಿಯಿದ್ದರೆ ಹೊರನಾಡಿನ ಮಿಷನರಿಯಾಗಲು ತಮಗೆ ಒಪ್ಪಿಗೆಯೂ ಇಚ್ಛೆಯೂ ಉಂಟು ಎಂದಷ್ಟೇ. ಮುಂದಿನ ಶೈಕ್ಷಣಿಕ ವರ್ಷದಲ್ಲಿ ವೈಲ್ಡರ್ ಮತ್ತು ಜಾನ್ ಫೋರ್ಮನ್ ಎಂಬ ಗೆಳೆಯ ಈ ಪತ್ರ ಹಿಡಿದು ನೂರೈವತ್ತಕ್ಕೂ ಹೆಚ್ಚು ವಿದ್ಯಾಲಯಗಳನ್ನು ಸುತ್ತಿದರು. ಎರಡು ಸಾವಿರಕ್ಕೂ ಮಿಕ್ಕಿ ಸಹಿಗಳು ಬಂದುವು. 1888ರಲ್ಲಿ ಇದು ವಿದ್ಯಾರ್ಥಿ ಸ್ವಯಂಸೇವಕ ಚಳವಳಿ ಎಂಬ ಸಂಸ್ಥೆಯಾಯಿತು. 1891ರ ಕ್ಲೀವ್‌ಲೆಂಡ್ ಅಧಿವೇಶನದಿಂದ ಮೊದಲಾಗಿ ಸುಮಾರು ನಾಲ್ಕು ವರ್ಷಗಳಿಗೊಮ್ಮೆ ಮಹಾಸಮ್ಮೇಳನಗಳು ನಡೆದುವು. 1920ರ ಹೊತ್ತಿಗೆ ಡೆಮಾಯಿನ್ ನಗರದಲ್ಲಿ ಸೇರಿದವರು ಏಳು ಸಾವಿರದ ಹತ್ತಿರ.

ಇಪ್ಪತ್ತರ ಹರೆಯ, ಸಾವಿರ ಕಂಠಗಳ ಹಾಡು, ಒಳ್ಳೆಯ ಭಾಷಣ. ಇವು ಕೂಡಿದಾಗ ಬಿದ್ದ ಸಹಿಗೆ ಎಷ್ಟು ಬೆಲೆ? ಈ ಪ್ರಶ್ನೆ ಆ ಮುಂದಾಳುಗಳನ್ನೂ ಕಾಡಿತು. ಪತ್ರದಲ್ಲಿದ್ದ ಇಚ್ಛೆಯೆಂಬ ಮಾತನ್ನು ತೆಗೆದು ಅವರು ಉದ್ದೇಶವೆಂದು ತಿದ್ದಿದರು. ಆದರೂ ಸಹಿ ಹಾಕಿದ ಎಲ್ಲರೂ ಹಡಗು ಹತ್ತಲಿಲ್ಲ. ಕಾಯಿಲೆ, ಮದುವೆ, ಮನೆಯ ಹೊರೆ, ಮನಸ್ಸಿನ ಬದಲಾವಣೆ ಎಲ್ಲವೂ ಅಡ್ಡ ಬಂದುವು. ಆ ಮೊದಲ ನೂರು ಮಂದಿಯಲ್ಲೊಬ್ಬನಾದ ಜಾನ್ ಮಾಟ್ ಚಳವಳಿಯ ನಾಯಕನಾಗಿ ಜಗತ್ತನ್ನು ಸುತ್ತಿದ, 1946ರ ನೊಬೆಲ್ ಶಾಂತಿ ಬಹುಮಾನದಲ್ಲಿ ಪಾಲು ಪಡೆದ; ಹೊರನಾಡಿನಲ್ಲಿ ನೆಲೆಸಿದ ಮಿಷನರಿ ಮಾತ್ರ ಆಗಲೇ ಇಲ್ಲ! ಅದೇನೇ ಇರಲಿ, ಆರು ದಶಕಗಳಲ್ಲಿ ಇಪ್ಪತ್ತು ಸಾವಿರ ಮಂದಿ ನಿಜವಾಗಿಯೂ ಹೊರಟುಹೋದರೆಂಬುದು ಸಣ್ಣ ಮಾತಲ್ಲ.

ಸಹಿಯಿಲ್ಲದೆಯೂ ಹೊರಟವರುಂಟು. ವೆಲ್ಲೂರು ಆಸ್ಪತ್ರೆಯನ್ನು ಕಾಣದ ಬೆಂಗಳೂರಿನ ಕುಟುಂಬಗಳು ಕಡಿಮೆ. ಅದನ್ನು ಕಟ್ಟಿದ ಐಡಾ ಸ್ಕಡರ್ ಓದಿದ್ದು ಮೌಂಟ್ ಹರ್ಮನ್ನಿನ ಎದುರುದಂಡೆಯ ನಾರ್ತ್‌ಫೀಲ್ಡಿನಲ್ಲಿ, ಮೂಡಿಯದೇ ಹೆಣ್ಣುಮಕ್ಕಳ ಶಾಲೆಯಲ್ಲಿ. ಮಿಷನರಿಗಳ ವಂಶದಲ್ಲಿ ಹುಟ್ಟಿಯೂ ತಾನು ಮಿಷನರಿಯಾಗುವುದಿಲ್ಲವೆಂದೇ ಅವಳ ಹಟ. ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು 1890ರಲ್ಲಿ ತಿಂಡಿವನಕ್ಕೆ ಬಂದಿದ್ದಳು. ಒಂದು ರಾತ್ರಿ ಒಬ್ಬರ ಹಿಂದೊಬ್ಬರಂತೆ ಮೂವರು ಗಂಡಸರು ಬಾಗಿಲು ತಟ್ಟಿದರು. ಮೂವರ ಹೆಂಡತಿಯರೂ ಹೆರಿಗೆಯ ಸಂಕಟದಲ್ಲಿದ್ದರು. ಗಂಡಸಾದ ವೈದ್ಯ, ಐಡಾಳ ತಂದೆ, ಬೇಡ, ಹೆಂಗಸೇ ಬೇಕು. ಅವಳಿಗೋ ವೈದ್ಯ ತಿಳಿಯದು. ಬೆಳಗಾಗುವ ಹೊತ್ತಿಗೆ ಆ ಮೂವರು ಹೆಂಗಸರೂ ತೀರಿಕೊಂಡಿದ್ದರು. ಅಮೆರಿಕಕ್ಕೆ ಮರಳಿ ವೈದ್ಯಶಾಸ್ತ್ರ ಕಲಿತು ಅವಳು 1900ರಲ್ಲಿ ಹಿಂದಿರುಗಿದಳು.

ಬಂದವರ ಕಥೆಯನ್ನೇ ಹೇಳಿದರೆ ಸಾಲದು. ಅವರನ್ನು ಬರಮಾಡಿಕೊಂಡವರ ಮಾತೂ ಉಂಟು. ತಮ್ಮ ತಲೆಮಾರಿನಲ್ಲಿಯೇ ಲೋಕಕ್ಕೆಲ್ಲ ಸುವಾರ್ತೆ ಮುಟ್ಟಿಸುವೆವೆಂಬ ಆ ತರುಣರ ಘೋಷಣೆಯಲ್ಲಿ ಉತ್ಸಾಹದೊಡನೆ ಆ ಕಾಲದ ಬಿಳಿಯರ ಮೇಲರಿಮೆಯೂ ಬೆರೆತಿತ್ತು. 1910ರಲ್ಲಿ ಎಡಿನ್‌ಬರೋ ನಗರದಲ್ಲಿ ಮಾಟ್‌ನ ಅಧ್ಯಕ್ಷತೆಯಲ್ಲಿ ಜಾಗತಿಕ ಮಿಷನರಿ ಸಮ್ಮೇಳನ ನಡೆದಾಗ, ತಿರುನೆಲ್ವೇಲಿಯ ಕಡೆಯ ವಿ. ಎಸ್. ಅಜರಯ್ಯನವರು ಎದ್ದು ನಿಂತು, ನೀವು ಹಣ ಕೊಟ್ಟಿರಿ, ಪ್ರಾಣವನ್ನೂ ಕೊಟ್ಟಿರಿ, ಆದರೆ ನಮಗೆ ಬೇಕಾದುದು ಸ್ನೇಹ ಎಂಬ ಭಾವದ ಮಾತನ್ನಾಡಿದರು. ಸಭೆಯಲ್ಲಿ ಹಲವರಿಗೆ ಇರುಸುಮುರುಸಾಯಿತು. ಗಾಂಧೀಜಿಯ ನಿಲುವು ಇನ್ನೂ ಖಂಡಿತವಾದುದು: ಸೇವೆ ಮಾಡಿ, ಆದರೆ ಅದರ ಹಿಂದೆ ಮತಾಂತರದ ಗಾಳವಿರಬಾರದು. ಮಾಟ್ ಅವರನ್ನು ಒಂದಕ್ಕಿಂತ ಹೆಚ್ಚು ಬಾರಿ ಕಂಡು ಈ ವಿಷಯವಾಗಿ ವಾದಿಸಿದ. ಇಬ್ಬರೂ ಪೂರ್ತಿ ಒಪ್ಪಲಿಲ್ಲ, ಮನಸ್ತಾಪವನ್ನೂ ಬೆಳೆಸಲಿಲ್ಲ. ಮಾಟ್ ಮೊದಲಾದವರು 1895ರಲ್ಲಿ ಸ್ಥಾಪಿಸಿದ್ದ ವಿಶ್ವ ಕ್ರೈಸ್ತ ವಿದ್ಯಾರ್ಥಿ ಒಕ್ಕೂಟದ ಮಹಾಸಮಿತಿಯು 1928ರ ಡಿಸೆಂಬರಿನಲ್ಲಿ ನಮ್ಮ ಮೈಸೂರಿನಲ್ಲಿಯೇ ಸೇರಿತ್ತು.

ಅಷ್ಟರಲ್ಲಿ ಅಮೆರಿಕದಲ್ಲಿಯೇ ಗಾಳಿ ಬದಲಾಗಿತ್ತು. ಮೊದಲ ಮಹಾಯುದ್ಧವನ್ನು ಕಂಡ ವಿದ್ಯಾರ್ಥಿಗಳು ತಮ್ಮ ನಾಡಿನ ವರ್ಣಭೇದ, ಕಾರ್ಮಿಕರ ಪಾಡು, ಯುದ್ಧದ ಪಾಪ ಇವುಗಳ ಮಾತೆತ್ತಿದರು. 1920ರಲ್ಲಿ ಎರಡೂವರೆ ಸಾವಿರ ದಾಟಿದ್ದ ಹೊಸ ಸಹಿಗಳು 1938ರಲ್ಲಿ ಇಪ್ಪತ್ತೈದಕ್ಕೆ ಇಳಿದುವು.

ರಾಬರ್ಟ್ ವೈಲ್ಡರ್ ತನ್ನ ಮಾತನ್ನು ಉಳಿಸಿಕೊಂಡು ಭಾರತಕ್ಕೆ ಬಂದು ಕಾಲೇಜು ವಿದ್ಯಾರ್ಥಿಗಳ ನಡುವೆ ಕೆಲಸ ಮಾಡಿದ. ಆರೋಗ್ಯ ಕೆಟ್ಟು ಮರಳಬೇಕಾಯಿತು. ಆ ಹೊತ್ತಿಗೆ ಅವನ ಅಕ್ಕ ಇಲ್ಲಿಗೆ ಬಂದು ವರ್ಷಗಳೇ ಆಗಿದ್ದುವು. 1887ರಲ್ಲಿ ತಂದೆ ತೀರಿಕೊಂಡೊಡನೆ ಗ್ರೇಸ್, ವಿಧವೆ ತಾಯಿಯ ಜೊತೆಗೆ ಹಡಗು ಹತ್ತಿ ಕೊಲ್ಲಾಪುರದ ಸೀಮೆಗೆ ಬಂದಿದ್ದಳು. ಮೌಂಟ್ ಹರ್ಮನ್ನಿನ ಆ ಪಟ್ಟಿಯಲ್ಲಿ ಅವಳ ಸಹಿ ಇಲ್ಲ.