ಗಾಳಿಯಂತ್ರದ ರೆಕ್ಕೆಗೆ ಉಕ್ಕೇಕೆ ಒಗ್ಗದು?

ಚಿತ್ರದುರ್ಗದ ಜೋಗಿಮಟ್ಟಿಯ ಬೆಟ್ಟಸಾಲಿನ ಮೇಲೂ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಗುಡ್ಡಗಳ ನೆತ್ತಿಯ ಮೇಲೂ ಗಾಳಿಯಂತ್ರಗಳ ಬಿಳಿಯ ರೆಕ್ಕೆಗಳು ನಿಧಾನವಾಗಿ ತಿರುಗುವುದನ್ನು ಈ ಸೀಮೆಯ ವಿದ್ಯಾರ್ಥಿಗಳೆಲ್ಲರೂ ಕಂಡಿರುತ್ತಾರೆ. ದೂರಕ್ಕೆ ಹೂವಿನ ಎಸಳಿನಂತೆ ತೋರುವ ಆ ರೆಕ್ಕೆ 40 ಮೀಟರ್ ಉದ್ದದ್ದಾದರೆ ಆರೇಳು ಟನ್ ತೂಗುತ್ತದೆ. ಯಂತ್ರದ ಕಂಬ ಉಕ್ಕಿನದು. ರೆಕ್ಕೆಯಾದರೋ ಬಹುಮಟ್ಟಿಗೆ ಗಾಜಿನದು! ಕೈತಪ್ಪಿ ಬಿದ್ದರೆ ಚೂರಾಗುವ ಗಾಜನ್ನು ಬಿರುಗಾಳಿಗೆ ಒಡ್ಡುವುದೆಂತು?

ಮೊದಲು ತೂಕದ ಮಾತು. ಆಕಾರವನ್ನು ಬದಲಿಸದೆ ರೆಕ್ಕೆಯ ಉದ್ದವನ್ನು ಇಮ್ಮಡಿಸಿದರೆ ಅದು ಗಾಳಿಯನ್ನು ಹಿಡಿಯುವ ಕ್ಷೇತ್ರ ನಾಲ್ಕು ಪಟ್ಟಾಗುತ್ತದೆ. ತೂಕವಾದರೋ ಎಂಟು ಪಟ್ಟು. ಆದ್ದರಿಂದ ಹಗುರವಾಗಿಯೂ ಬಾಗದಂತೆಯೂ ಇರುವ ವಸ್ತು ಬೇಕು. ಒಂದೇ ಉದ್ದದ, ಒಂದೇ ಭಾರಕ್ಕೆ ಒಂದೇ ಪ್ರಮಾಣದಲ್ಲಿ ಬಾಗುವ ಚೌಕ ತೊಲೆಗಳನ್ನು ಬೇರೆ ಬೇರೆ ವಸ್ತುಗಳಿಂದ ಮಾಡಿದೆವೆನ್ನೋಣ. ತೊಲೆಯ ತೂಕವು ವಸ್ತುವಿನ ಸಾಂದ್ರತೆಯನ್ನು ಅದರ ಸ್ಥಿತಿಸ್ಥಾಪಕ ಗುಣಾಂಕದ ವರ್ಗಮೂಲದಿಂದ ಭಾಗಿಸಿದ ಬೆಲೆಯನ್ನು ಅನುಸರಿಸುತ್ತದೆ. ಲೆಕ್ಕ ಹಾಕಿದರೆ, ಉಕ್ಕಿನ ತೊಲೆ 100 ಕಿಲೋಗ್ರಾಂ ಇರುವಲ್ಲಿ ಅಲ್ಯೂಮಿನಿಯಂ ಸುಮಾರು 58, ಗಾಜಿನ ನಾರು ಬೆರೆತ ರಾಳ ಸುಮಾರು 54, ಇಂಗಾಲದ ನಾರು ಬೆರೆತ ರಾಳ ಸುಮಾರು 25 ಕಿಲೋಗ್ರಾಂ ಸಾಕು. ಇಂಗಾಲದ ನಾರು ಬಲು ದುಬಾರಿ. ಉಳಿದೆರಡರಲ್ಲಿ ಯಾವುದು ಮೇಲು?

ಇಲ್ಲಿ ತೀರ್ಪು ಕೊಡುವುದು ವಸ್ತುವಿನ ದಣಿವು. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಅದು ತುಂಡಾಗುವುದಷ್ಟೆ. ರೆಕ್ಕೆ ಒಂದು ಸುತ್ತು ಬರುವಾಗ ಅದರ ಸ್ವಂತ ತೂಕವೇ ಅದನ್ನು ಒಮ್ಮೆ ಒಂದು ಅಂಚಿನ ಕಡೆಗೆ, ಇನ್ನೊಮ್ಮೆ ಮತ್ತೊಂದು ಅಂಚಿನ ಕಡೆಗೆ ಬಗ್ಗಿಸುತ್ತದೆ. ನಿಮಿಷಕ್ಕೆ 15 ಸುತ್ತಿನಂತೆ ಅರ್ಧಕಾಲ ಮಾತ್ರ ತಿರುಗಿದರೂ 20 ವರ್ಷಗಳಲ್ಲಿ ಸುಮಾರು 8 ಕೋಟಿ ಸುತ್ತುಗಳಾದವು. 1941ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ನಿಲ್ಲಿಸಿದ 1250 ಕಿಲೋವಾಟ್ ಯಂತ್ರದ ಉಕ್ಕಿನ ರೆಕ್ಕೆಯೊಂದು, ಮೊದಲೇ ಗುರುತಿಸಿದ್ದ ದುರ್ಬಲ ಸ್ಥಳದಲ್ಲಿ ಮುರಿದು, 1945ರ ಮಾರ್ಚ್ 26ರಂದು ಕಳಚಿಬಿತ್ತು. ಲೋಹದಲ್ಲಿ ಬಿರುಕು ಹುಟ್ಟಿತೆಂದರೆ ಸರಾಗವಾಗಿ ಮುಂದುವರಿಯುತ್ತದೆ. ನಾರಿನ ವಸ್ತುವಿನಲ್ಲಿ ಒಂದು ಎಳೆ ಕಡಿದರೂ ಸುತ್ತಲಿನ ರಾಳ ಅದರ ಹೊರೆಯನ್ನು ನೆರೆಯ ಎಳೆಗಳಿಗೆ ಹಂಚುತ್ತದೆ.

ಗಾಜೇ ಬಲಶಾಲಿಯಾದ ಬಗೆಯೇನು? ಗಾಜಿನ ದೌರ್ಬಲ್ಯಕ್ಕೆ ಕಣ್ಣಿಗೆ ಕಾಣದ ಬಿರುಕುಗಳೇ ಕಾರಣ. ಕೆಲವೇ ಮೈಕ್ರಾನ್ ದಪ್ಪದ ಎಳೆಯಲ್ಲಿ ದೊಡ್ಡ ಬಿರುಕಿಗೆ ಎಡೆಯೇ ಇಲ್ಲ. ತೆಳ್ಳನೆಯ ಎಳೆ ದಪ್ಪ ಕಡ್ಡಿಗಿಂತ ಸುಮಾರು 20 ಪಟ್ಟು ಬಲವುಳ್ಳದ್ದೆಂದು ಗ್ರಿಫಿತ್ ಎಂಬ ವಿಜ್ಞಾನಿ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿಕೊಟ್ಟನು.

ವಸ್ತುವನ್ನು ಆರಿಸಿದರೆ ಸಾಲದು, ಹದಗೊಳಿಸಬೇಕು. ಗಾಜಿನ ಬಟ್ಟೆಯನ್ನು ಅಚ್ಚಿನಲ್ಲಿ ಪದರಪದರವಾಗಿ, ಹೆಚ್ಚಿನ ಎಳೆಗಳು ರೆಕ್ಕೆಯ ಉದ್ದಕ್ಕೆ ಬರುವಂತೆ ಹಾಸಿ, ನಡುವೆ ಬಾಲ್ಸಾ ಎಂಬ ಹಗುರ ಮರದ ಹಲಗೆಗಳನ್ನಿಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಳಗಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಆಗ ಹೊರಗಿನ ವಾಯುಮಂಡಲದ ಒತ್ತಡವೇ ದ್ರವರಾಳವನ್ನು ಎಳೆಗಳ ಸಂದುಗೊಂದಿಗಳಿಗೆ ನುಗ್ಗಿಸುತ್ತದೆ. ಬಳಿಕ ಕಾಯಿಸಿ ಗಟ್ಟಿಗೊಳಿಸುತ್ತಾರೆ. ಒಂದು ಗುಳ್ಳೆ ಉಳಿದರೂ, ಬಟ್ಟೆ ಒಂದೆಡೆ ಸುಕ್ಕುಗಟ್ಟಿದರೂ ದಣಿವು ಅಲ್ಲಿಂದಲೇ ಆರಂಭವಾದೀತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಇದೇ ತತ್ತ್ವದ ವಿಧಾನವೊಂದನ್ನು ‘ಸಾರಸ್’ ವಿಮಾನದ ರೆಕ್ಕೆಗಾಗಿ ರೂಪಿಸಿತು.

ಆದರೆ ಈ ಗುಣದಲ್ಲಿಯೇ ಒಂದು ಕೊರತೆಯೂ ಇದೆ. ಬೆಲ್ಲವನ್ನು ಕಾಯಿಸಿದರೆ ಮತ್ತೆ ಕರಗೀತು; ಸುಟ್ಟ ಇಟ್ಟಿಗೆ ಮತ್ತೆ ಕೆಸರಾಗದು. ರಾಳವೂ ಇಟ್ಟಿಗೆಯಂತೆ. ಹಳೆಯ ಉಕ್ಕಿನ ಕಂಬ ಕುಲುಮೆಗೆ ಹೋಗಿ ಹೊಸ ಉಕ್ಕಾಗುತ್ತದೆ. ರೆಕ್ಕೆಗೆ ಆ ಭಾಗ್ಯವಿಲ್ಲ. ಅದರ ಆಯುಸ್ಸನ್ನು ಸಾಮಾನ್ಯವಾಗಿ 20–25 ವರ್ಷಗಳೆಂದು ಎಣಿಸುತ್ತಾರೆ. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಬೆಟ್ಟಗಳನ್ನೇರಿದ ಯಂತ್ರಗಳಿಗೆ ಆ ಕಾಲ ಸಮೀಪಿಸಿದೆ. ಪುಡಿಮಾಡಿ ಸಿಮೆಂಟ್ ಗೂಡುಗಳಲ್ಲಿ ಉರಿಸುವುದು ಒಂದು ದಾರಿ. ಮಂದ ಆಮ್ಲದಲ್ಲಿ ಬಿಡಿಸಿಕೊಳ್ಳಬಲ್ಲ ಹೊಸ ರಾಳದ ರೆಕ್ಕೆಗಳು 2021ರಲ್ಲಿ ಯೂರೋಪಿನಲ್ಲಿ ಸಿದ್ಧವಾದವು.

ವಸ್ತುವಿನ ಆಯ್ಕೆಯೆಂದರೆ ಬಲ, ತೂಕ, ಬೆಲೆಗಳ ಲೆಕ್ಕವಷ್ಟೇ ಅಲ್ಲ. ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುವುದೆಂಬ ಪ್ರಶ್ನೆಯೂ ಅದರಲ್ಲಿ ಸೇರಿದೆ. ಆ ಪ್ರಶ್ನೆ ಈಗ ಜೋಗಿಮಟ್ಟಿಯ ಮೇಲೆಯೇ ತಿರುಗುತ್ತಿದೆ. ಅದಕ್ಕೆ ಉತ್ತರ ಹುಡುಕುವವರು ಇಂದು ಅದರ ಬುಡದ ಶಾಲೆ ಕಾಲೇಜುಗಳಲ್ಲಿ ಓದುತ್ತಿರುವವರೇ ಏಕಾಗಬಾರದು?