ಕೊಳವೆ ಬಾವಿಯ ಆಳ ದಾಖಲೆ: ಭೂಗರ್ಭದ ಶಿಲಾಪದರಗಳನ್ನು ಅರಿಯುವ ಬಗೆ

ಕೊಳವೆ ಬಾವಿ ಕೊರೆಸಿದವರನ್ನು ವಿಚಾರಿಸಿದರೆ, ಎಷ್ಟು ಅಡಿ ಕೊರೆಯಲಾಯಿತು, ಎಷ್ಟು ಇಂಚು ನೀರು ಬಂತು ಎಂಬ ಎರಡು ಅಂಶಗಳಷ್ಟೇ ಸಾಮಾನ್ಯವಾಗಿ ದೊರೆಯುತ್ತವೆ. ಯಾವ ಆಳದಲ್ಲಿ ಎಂತಹ ಕಲ್ಲು ಸಿಕ್ಕಿತೆಂಬುದು ಯಂತ್ರದ ಧೂಳಿನೊಡನೆ ಹಾರಿಹೋಗಿರುತ್ತದೆ. ಅಡಿಯ ಲೆಕ್ಕದಲ್ಲಿ ಹಣ ತೆರುವ ರೈತನಿಗೆ ಇದು ದೊಡ್ಡ ನಷ್ಟ.

ದಕ್ಷಿಣ ಕರ್ನಾಟಕದ ಬಹುಭಾಗದಲ್ಲಿರುವುದು ನೈಸ್ ಮತ್ತು ಗ್ರಾನೈಟ್ ಶಿಲೆ. ಗಟ್ಟಿ ಕಲ್ಲಿನೊಳಗೆ ನೀರು ನಿಲ್ಲದು. ಮೇಲಿನ ಶಿಥಿಲ ಪದರದಲ್ಲಿ ಹಾಗೂ ಕೆಳಗಿನ ಬಿರುಕುಗಳಲ್ಲಿ ಮಾತ್ರ ಶೇಖರವಾಗುತ್ತದೆ. ವಿಜಯಪುರದ ಕಡೆಯ ಬಸಾಲ್ಟ್ ಪ್ರದೇಶದಲ್ಲಾದರೆ ಬಿರುಕುಗಳ ಜೊತೆಗೆ ಲಾವಾ ಪದರಗಳ ಸಂಧಿಯನ್ನೂ ಗಮನಿಸಬೇಕು.

ಕೊರೆಯುವಾಗ ಪ್ರತಿ ರಾಡ್ ಇಳಿದಂತೆ ಹೊರಬರುವ ಕಲ್ಲಿನ ಚೂರನ್ನು ಒಂದು ಹಿಡಿ ತೆಗೆದು, ತೊಳೆದು, ಆಳ ಬರೆದ ಪ್ಲಾಸ್ಟಿಕ್ ಚೀಲದಲ್ಲಿಡಿ. ಆ ರಾಡ್ ಇಳಿಯಲು ಹಿಡಿದ ನಿಮಿಷಗಳನ್ನೂ ಬರೆದುಕೊಳ್ಳಿ. ಹೊಳಪಿನ ತಾಜಾ ಚೂರು, ಒಣ ಬಿಳಿ ಧೂಳು, ನಿಧಾನದ ಇಳಿತ ಇವು ಬಿರುಕಿಲ್ಲದ ಶಿಲೆಯ ಲಕ್ಷಣ. ಚೂರುಗಳ ಮೇಲೆ ತುಕ್ಕಿನಂತಹ ಕಂದು ಲೇಪವಿದ್ದರೆ ಬಿರುಕಿನಲ್ಲಿ ಎಂದೋ ನೀರು ಹರಿದಿದೆ ಎಂದರ್ಥ. ಈಗಲೂ ಇದೆಯೆಂದು ಮಾತ್ರ ಭಾವಿಸಬಾರದು. ರಾಡ್ ಥಟ್ಟನೆ ಕುಸಿದ ಆಳವನ್ನೂ ನೀರು ಹೆಚ್ಚಿದ ಆಳವನ್ನೂ ತಪ್ಪದೆ ಗುರುತಿಸಿ.

ಇನ್ನು ವಿದ್ಯುತ್ ಲಾಗಿಂಗ್. 1927ರಲ್ಲಿ ಫ್ರಾನ್ಸಿನ ತೈಲಬಾವಿಯೊಂದರಲ್ಲಿ ಷ್ಲುಂಬರ್ಜೆ ಸಹೋದರರ ತಂಡ ಮೊದಲು ಬಳಸಿದ ವಿಧಾನವಿದು. ಬಾವಿಯೊಳಗೆ ಉಪಕರಣ ಇಳಿಸಿ ಶಿಲೆಯ ವಿದ್ಯುತ್ ನಿರೋಧವನ್ನು ಆಳದ ಕ್ರಮದಲ್ಲಿ ಅಳೆಯಲಾಗುತ್ತದೆ. ಗಟ್ಟಿ ಶಿಲೆಯಲ್ಲಿ ನಿರೋಧ ಅಧಿಕ. ನೀರು ತುಂಬಿದ ಬಿರುಕಿನೆದುರು ರೇಖೆ ಕೆಳಗಿಳಿಯುತ್ತದೆ. ಆದರೆ ಜೇಡಿಮಣ್ಣು, ಉಪ್ಪುನೀರು ಇದ್ದರೂ ರೇಖೆ ಹಾಗೆಯೇ ಇಳಿಯುವುದು. ಆದುದರಿಂದ ಚೂರುಗಳ ದಾಖಲೆಯಿಲ್ಲದೆ ರೇಖೆಯೊಂದನ್ನೇ ನಂಬುವುದು ನನ್ನ ಅಭಿಪ್ರಾಯದಲ್ಲಿ ಅರ್ಧ ಓದು. ಕೇಸಿಂಗ್ ಇರುವ ಭಾಗದಲ್ಲಿ ಹಾಗೂ ನೀರಿಲ್ಲದ ಒಣ ಬಾವಿಯಲ್ಲಿ ಈ ಮಾಪನ ಫಲಿಸದು.

ದಾಖಲೆಯ ಮೊದಲ ಪ್ರಯೋಜನ ಕೇಸಿಂಗ್‌ನಲ್ಲಿ. ಶಿಥಿಲ ಪದರ ಮುಗಿದು ಗಟ್ಟಿ ಕಲ್ಲಿನಲ್ಲಿ ಪೈಪ್ ಭದ್ರವಾಗಿ ಕೂರಬೇಕು. ಮೊದಲೇ ನಿಲ್ಲಿಸಿದರೆ ಮಣ್ಣು ಕುಸಿದು ಪಂಪು ಸಿಕ್ಕಿಕೊಳ್ಳಬಹುದು. ಅನಗತ್ಯವಾಗಿ ಇಳಿಸಿದರೆ ಖರ್ಚು ಹೆಚ್ಚುವುದಲ್ಲದೆ ಮೇಲಿನ ಬಿರುಕಿನ ನೀರೂ ತಡೆಯಲ್ಪಡುತ್ತದೆ. ಎರಡನೆಯದು, ನಿಲ್ಲಿಸುವ ನಿರ್ಧಾರ. ಗಟ್ಟಿ ಶಿಲೆಯಲ್ಲಿ ಆಳ ಹೆಚ್ಚಿದಂತೆ ಬಿರುಕುಗಳು ಸಾಮಾನ್ಯವಾಗಿ ವಿರಳವಾಗುತ್ತವೆ. ಹಲವು ರಾಡ್‌ಗಳವರೆಗೆ ಒಂದೇ ಬಗೆಯ ತಾಜಾ ಚೂರು ಬರುತ್ತಿದ್ದು, ನೆರೆಯ ಬಾವಿಗಳ ದಾಖಲೆಯಲ್ಲೂ ಅದಕ್ಕಿಂತ ಕೆಳಗೆ ನೀರಿಲ್ಲವೆಂದಿದ್ದರೆ, "ಇನ್ನೂರು ಅಡಿ ನೋಡೋಣ" ಎಂಬ ಮಾತಿಗೆ ಒಪ್ಪುವ ಮುನ್ನ ಯೋಚಿಸಿ.

ವಿಫಲವಾದ ಬಾವಿಯ ದಾಖಲೆಯನ್ನೂ ಸರ್ವೆ ನಂಬರಿನೊಡನೆ ಕಾಪಾಡಿಕೊಂಡು, ಮುಂದಿನ ಸ್ಥಳ ಪರಿಶೀಲನೆಗೆ ಬರುವ ಭೂವಿಜ್ಞಾನಿಗೆ ಮೊದಲು ಅದನ್ನೇ ತೋರಿಸಿ.